ಬೆರಳಷ್ಟು ಸಡಿಲ

ಎಲ್ಲ ತಿರುವುಗಳಲ್ಲೂ ಅಲ್ಲ.
ಹಾಗಿದ್ದರೆ ಎಷ್ಟು ಸುಲಭವಿತ್ತು.
ಕುಹ್ಮೋದ ಆಚೆ, ಪೈನ್ ಕಾಡಿನ ನಡುವಿನ ಜಲ್ಲಿ ಹಾದಿಯಲ್ಲಿ
ಮೂರನೆಯ ಎಡತಿರುವು ದಾಟಿ ಪಿಹ್ಲಾ ಕಾಲೂರಿದಾಗ,
ಅದೂ ಎಲ್ಲ ಸುತ್ತಿನಲ್ಲೂ ಅಲ್ಲ,
ನಮ್ಮ ಹಳೆಯ ಒಪೆಲ್
ಮಾತಿನ ನಡುವೆ ಹೆಸರು ಮರೆತವರ ಹಾಗೆ
ಎರಡು ಉಸಿರು ಸುಮ್ಮನಾಗುತ್ತಿತ್ತು.
ಅಷ್ಟರಲ್ಲಿ ನಾಲ್ಕು ಕಾರು ಮುಂದೆ.
ಆಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಗುಡುಗು.

ಮನೆಗೆ ತಂದು ಶೆಡ್ಡಿನಲ್ಲಿ ನಿಲ್ಲಿಸಿದರೆ
ಹಾಲು ಕುಡಿದ ಮಗು.
ಗಂಟೆಗಟ್ಟಲೆ ಓಡುತ್ತದೆ, ಒಂದು ಬಿಕ್ಕಳಿಕೆಯಿಲ್ಲ.
ಡಾಕ್ಟರ ಮುಂದೆ ಕೂತ ಕೂಡಲೇ ಮಾಯವಾಗುವ ಹಲ್ಲುನೋವು.

ಪೆಟ್ರೋಲು ಎಂದೆ ಮೊದಲು.
ತಿರುವಿನಲ್ಲಿ ಟ್ಯಾಂಕಿನೊಳಗೆ ಅಲೆಯೆದ್ದು
ಪೈಪಿನ ಬಾಯಿಗೆ ಗಾಳಿ ಸಿಗುತ್ತಿರಬೇಕೆಂದು ತಡೆಗೋಡೆ ಬೆಸೆದೆ.
ಫಿಲ್ಟರ್ ಬದಲಿಸಿದೆ. ಪಂಪ್ ಬದಲಿಸಿದೆ.
ಆ ಭಾನುವಾರ ಆರು ಸುತ್ತು ನಿರಾಯಾಸ,
ಬೇಲಿಗೊರಗಿ ಸಾಸೇಜು ತಿನ್ನುತ್ತ ಬೀಗುತ್ತಿದ್ದೆ.
ಏಳನೆಯದರಲ್ಲಿ ಕೈಕೊಟ್ಟಿತು.
ಕಾಯಿಲ್. ಪ್ಲಗ್ಗುಗಳು. ಕಾರ್ಬ್ಯುರೇಟರನ್ನು
ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿ ತೊಳೆದೆ,
ಇವತ್ತಿಗೂ ಚಮಚಗಳಿಗೆ ಅದರ ವಾಸನೆ.
ತಪ್ಪು ಮಾಡದವರನ್ನೆಲ್ಲ ಒಬ್ಬೊಬ್ಬರಾಗಿ
ಕೆಲಸದಿಂದ ತೆಗೆದ ಧಣಿ ನಾನು.

ಕೊನೆಗೆ ಮಗಳನ್ನೂ ಕೇಳಿದೆ, ನಾಚಿಕೆಯಿಲ್ಲದೆ:
ಕಾಲು ತೆಗೆದೆಯಾ? ಹೆದರಿದೆಯಾ?
ಹದಿನಾರರ ಹುಡುಗಿ
ಮನೆ ತಲುಪುವ ತನಕ ಹೆಲ್ಮೆಟ್ ಕಳಚಲಿಲ್ಲ.

ನಲವತ್ತು ವರ್ಷ ಹಾಲಿನ ಲಾರಿ ಓಡಿಸಿದ ರೌಹಾ ಬಂದಳು
ಜೂನಿನ ರಾತ್ರಿ ಹನ್ನೊಂದಕ್ಕೆ, ಇನ್ನೂ ಮುಳುಗದ ಬಿಸಿಲಲ್ಲಿ,
ಸೊಳ್ಳೆ ಹೊಡೆಯುತ್ತ.
"ಕೂತವನ ನಾಡಿ ಹಿಡಿದರೆ
ಓಡುವವನ ಏದುಸಿರು ಗೊತ್ತಾಗುತ್ತದೇನೋ?
ದುಡಿಸು ಅದನ್ನ."

ಹ್ಯಾಂಡ್‌ಬ್ರೇಕು ಬಿಗಿದು, ಚಕ್ರಕ್ಕೆ ದಿಮ್ಮಿ ಕೊಟ್ಟು
ಪಿಹ್ಲಾ ಎರಡನೇ ಗೇರಿನಲ್ಲಿ ಕ್ಲಚ್ಚು ಅರೆಬರೆ ಬಿಟ್ಟಾಗ
ಎಂಜಿನ್ ತನ್ನ ಸವೆದ ರಬ್ಬರುಗಳ ಮೇಲೆ
ಹೊರೆಯೆತ್ತಿದ ಹೆಗಲಿನಂತೆ ವಾಲಿತು.
ಜೊತೆಗೆ ಕಾಯಿಲಿನಿಂದ ಬಂದ ಒಂದು ಕಪ್ಪು ತಂತಿಯೂ ಬಿಗಿಯಿತು.
ಎರಡು ಉಸಿರು, ಮೌನ.
"ಮತ್ತೆ," ಅಂದಳು ರೌಹಾ.
ಮತ್ತೆ ಮೌನ.
ಯಾವ ಸದ್ದೂ ನನಗೆ ಅಷ್ಟು ಸಂತೋಷ ಕೊಟ್ಟಿರಲಿಲ್ಲ.

ಹೊರಗೆ ಹೊಳೆವ ಹೊದಿಕೆ, ಗೀರಿಲ್ಲ.
ಚಾಕುವಿನಿಂದ ಸೀಳಿದರೆ ಒಳಗೆ ತಾಮ್ರದ ಎಳೆಗಳು
ಎಂದೋ ಹರಿದು, ತುದಿಗೆ ತುದಿ ತಾಗಿಸಿಕೊಂಡು,
ಮಾತು ಬಿಟ್ಟೂ ಒಂದೇ ಕಂಬಳಿಯಡಿ ಮಲಗಿದವರಂತೆ.

ಏಪ್ರಿಲ್‌ನಲ್ಲಿ, ಆ ತಂತಿ ಜೋಲುವುದು ಕಣ್ಣಿಗೆ ಸರಿಕಾಣದೆ
ಪ್ಲಾಸ್ಟಿಕ್ ಪಟ್ಟಿಯಲ್ಲಿ ಬಿಗಿದು ಕಟ್ಟಿದವನು ನಾನೇ.
ಅಚ್ಚುಕಟ್ಟು.
ಊರೆಲ್ಲ ಹುಡುಕಿದ ಕೂಸು ಕಂಕುಳಲ್ಲೇ ಇತ್ತು,
ಉಸಿರುಗಟ್ಟುವಷ್ಟು ಅವುಚಿಕೊಂಡಿದ್ದೆ.

ಮುಂದಿನ ಭಾನುವಾರ ಪಿಹ್ಲಾ ಗೆದ್ದಳು.
ನಮ್ಮ ಆಟದ ಕಟ್ಟಳೆ ಹೀಗಿದೆ: ಓಟ ಮುಗಿದ ಮೇಲೆ
ನಿಗದಿಯಾದ ಬೆಲೆ ಹಿಡಿದು ಯಾವ ಸ್ಪರ್ಧಿಯೂ
ಇನ್ನೊಬ್ಬರ ಕಾರು ಕೇಳಬಹುದು. ಒಲ್ಲೆನೆನ್ನುವಂತಿಲ್ಲ.
ಬಿಕ್ಕುತ್ತಿದ್ದಷ್ಟು ದಿನ ತಿರುಗಿ ನೋಡಿದವರಿಲ್ಲ,
ಆ ಸಂಜೆ ಹದಿನೇಳು ಚೀಟಿ.
ಎತ್ತಿದ್ದು ಕಾಯಾನಿಯ ಹುಡುಗ ನೀಲೊ,
ಮೀಸೆಯಿನ್ನೂ ಮೂಡುತ್ತಿರುವವನು.
"ತೊಂದರೆ ಏನಾದರೂ ಇದೆಯಾ ಇದಕ್ಕೆ?"

ನಾನು ಬಾಯಿ ತೆರೆಯುವ ಮೊದಲೇ ಪಿಹ್ಲಾ ಬಾನೆಟ್ ಎತ್ತಿದಳು.
"ಇದನ್ನ ಬಿಗಿಯಬೇಡ. ಬೆರಳಷ್ಟು ಸಡಿಲ ಇರಲಿ.
ಎಂಜಿನ್ನು ವಾಲುತ್ತೆ. ವಾಲಲಿ."
ನನ್ನ ಕಡೆ ನೋಡಲಿಲ್ಲ.

ಮರಳುವಾಗ ಹೆಲ್ಮೆಟ್ ಅವಳ ಮಡಿಲಲ್ಲಿತ್ತು.
ಹಿಂದೆ ಖಾಲಿ ಟ್ರೇಲರಿನಲ್ಲಿ ಏನೋ ಸದ್ದು,
ಒಮ್ಮೆ ಇದೆ, ಒಮ್ಮೆ ಇಲ್ಲ.
ಇಬ್ಬರೂ ರೇಡಿಯೊ ಆರಿಸಿ
ಕಿವಿಗೊಟ್ಟೆವು.